ಮನೆವಾರ್ತೆ: ತಂತಿ ಕಳಚಿದ ಗಳಿಗೆ

ಕಳೆದ ರಾಜ್ಯೋತ್ಸವದ ಸಮಾರಂಭ ಭಾನುವಾರ ರಾತ್ರಿ ಮುಗಿಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ನಮ್ಮ ಸಂಘದ ಹಿತ್ತಾಳೆಯ ದೀಪದ ಕಂಬ ಮಾಯ! ವಾಚಕರಲ್ಲಿ ಅನೇಕರು ಆ ದೀಪಕ್ಕೆ ಎಣ್ಣೆ ಎರೆದವರೇ. ಬಾಗಿಲ ಮೇಲೆ ಕ್ಯಾಮೆರಾ ಉಂಟಲ್ಲ, ನೋಡಿದರಾಯಿತು ಎಂದು ಮಧ್ಯಾಹ್ನ ಎಲ್ಲರೂ ಕುಳಿತೆವು. ಭಾನುವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಚಿತ್ರ ನಿಂತುಹೋಗಿತ್ತು. ಕಪಾಟಿನ ಹಿಂದೆ ಕ್ಯಾಮೆರಾದ ತಂತಿ ಕಳಚಿ ಜೋತಾಡುತ್ತಿತ್ತು.

ಆ ಹೊತ್ತಿಗೆ ಮಂದಿರದಲ್ಲಿದ್ದವರು ರಾತ್ರಿಯ ಕಾವಲುಗಾರರೊಬ್ಬರೇ. "ಇನ್ನು ಹೇಳುವುದೇನಿದೆ, ತಂತಿ ಕಿತ್ತವನೇ ದೀಪ ಕದ್ದವನು" ಎಂದು ಒಬ್ಬರು ತೀರ್ಪು ಕೊಟ್ಟರು. ನಾವು ಸುಮ್ಮನಿದ್ದೆವು. ಇಂಥ ಕಡೆ ಸುಮ್ಮನಿರುವುದೆಂದರೆ ಒಪ್ಪಿದಂತೆಯೇ. ಒಂಬತ್ತು ವರ್ಷ ನಮ್ಮ ಬಾಗಿಲು ಕಾದವರಿಗೆ ನಾಳೆಯಿಂದ ಬರಬೇಡಿ ಎನ್ನುವುದಷ್ಟೇ ಉಳಿದಿತ್ತು.

ಆಗ ಸದಸ್ಯರೊಬ್ಬರ ಮಗಳು, ನೆಟ್‌ವರ್ಕ್ ಕೆಲಸ ಕಲಿತವಳು, "ಕಾಕಾ, ಸ್ವಲ್ಪ ತಡೀರಿ. ವಾಯರ್ ಯಾವಾಗ ಬಿಚ್ಚಿತು ಅಂತ ಆ ಸ್ವಿಚ್ಚನ್ನೇ ಕೇಳೋಣ್ರಿ" ಎಂದಳು. ಅವಳು ತಿಳಿಸಿಕೊಟ್ಟುದನ್ನೇ ಈ ಸಲ ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಕ್ಯಾಮೆರಾಕ್ಕೆ ಬೇರೆ ಪ್ಲಗ್ಗಿಲ್ಲ. ಚಿತ್ರ ಒಯ್ಯುವ ಈಥರ್ನೆಟ್ ತಂತಿಯಲ್ಲೇ ವಿದ್ಯುತ್ತೂ ಹರಿದುಬರುತ್ತದೆ. ಈ ಏರ್ಪಾಟಿಗೆ ಪಿ.ಓ.ಇ. ಎಂದು ಹೆಸರು. ಐಟ್ರಿಪಲ್‌ಇ ಸಂಸ್ಥೆ 2003ರಲ್ಲಿ ಇದಕ್ಕೊಂದು ನಿಯಮ ಕಟ್ಟಿತು. ಆಗ ನೆಟ್‌ವರ್ಕ್ ಸ್ವಿಚ್ಚಿನ ಒಂದು ಪೋರ್ಟಿನಿಂದ ಕೊಡಬಹುದಾದುದು 15.4 ವ್ಯಾಟ್, 2009ರಲ್ಲಿ ಅದು 30 ಆಯಿತು, 2018ರಲ್ಲಿ 90ರವರೆಗೆ ಏರಿತು.

ಸ್ವಿಚ್ಚು ಯಾರಿಗೆಂದರೆ ಅವರಿಗೆ ವಿದ್ಯುತ್ ಕೊಡುವುದಿಲ್ಲ. ಮೊದಲು ಸುಮಾರು 10 ವೋಲ್ಟಿನೊಳಗಿನ ಅಲ್ಪ ಒತ್ತಡ ಹಾಯಿಸಿ, ಆಚೆ ಕೊನೆಯಲ್ಲಿ ಸುಮಾರು 25 ಸಾವಿರ ಓಮ್ ತಡೆ ಇದೆಯೇ ಎಂದು ಪರೀಕ್ಷಿಸುತ್ತದೆ. ವಿದ್ಯುತ್ ಬೇಡುವ ಉಪಕರಣದ ಗುರುತು ಅದು. ಗುರುತು ಸಿಕ್ಕ ಮೇಲೆಯೇ 48 ವೋಲ್ಟಿನ ಆಸುಪಾಸಿನ ಪೂರ್ಣ ಒತ್ತಡ.

ಇನ್ನು ಕಳಚಿದ್ದು ತಿಳಿಯುವುದು ಹೇಗೆ? ಕಳಚಿದ ಉಪಕರಣ ತಾನಾಗಿ ಏನನ್ನೂ ಹೇಳಲಾರದು. ಹೇಳುವ ದಾರಿಯೇ ಕಡಿದಿರುತ್ತದೆ. ಆದಕಾರಣ ಕೊಡುವವನೇ ಗಮನಿಸಬೇಕು. 2003ರ ನಿಯಮದಂತೆ ಉಪಕರಣವು ಕಡಿಮೆಯೆಂದರೆ 10 ಮಿಲಿಆಂಪಿಯರ್ ಎಳೆದುಕೊಳ್ಳುತ್ತಿರಬೇಕು, ಇಲ್ಲವೇ ನಡುನಡುವೆ ಕ್ಷಣಕಾಲವಾದರೂ ಎಳೆದು ತೋರಿಸುತ್ತಿರಬೇಕು. ಕೆಲಸವಿಲ್ಲದಾಗಲೂ "ಇದ್ದೇನೆ" ಎಂದು ಹೇಳಿಕೊಳ್ಳುವ ಬಗೆ ಅದು. ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ಆ ಎಳೆತ ಕಾಣದಿದ್ದರೆ ಸ್ವಿಚ್ಚು ವಿದ್ಯುತ್ ನಿಲ್ಲಿಸುತ್ತದೆ. ಇಷ್ಟು ಅವಸರವೇಕೆಂದರೆ, ಬಿಟ್ಟ ತಂತಿಯನ್ನು ಯಾರಾದರೂ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ 48 ವೋಲ್ಟು ಅದರ ಮೇಲೆ ಬೀಳಬಾರದು. ದಿನಚರಿ ಇಡುವ ಬಗೆಯ ಸ್ವಿಚ್ಚಾದರೆ ಹೀಗೆ ನಿಲ್ಲಿಸಿದ ಗಳಿಗೆಯನ್ನು ಬರೆದಿಡುತ್ತದೆ.

ನಮ್ಮದು ಬರೆದಿಟ್ಟಿತ್ತು. ಹುಡುಗಿ ಓದಿದಳು. ಭಾನುವಾರ ರಾತ್ರಿ 11.40ಕ್ಕೆ ಆ ಪೋರ್ಟಿನಲ್ಲಿ ವಿದ್ಯುತ್ ನಿಂತೇ ಇರಲಿಲ್ಲ! ಚಿತ್ರ ನಿಂತರೂ ಕ್ಯಾಮೆರಾ ವಿದ್ಯುತ್ ಎಳೆಯುತ್ತಲೇ ಇತ್ತು. ಎಂದರೆ ಅದು ತಾನೇ ಸ್ತಬ್ಧವಾಗಿತ್ತು, ತಂತಿ ಸ್ವಸ್ಥಾನದಲ್ಲಿತ್ತು. ವಿದ್ಯುತ್ ನಿಂತದ್ದು ಸೋಮವಾರ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ. ಕಾವಲುಗಾರರು 6 ಗಂಟೆಗೇ ಮನೆಗೆ ಹೋಗಿದ್ದರು. 9 ಗಂಟೆಗೆ ಪುಸ್ತಕದ ಕಪಾಟನ್ನು ಗೋಡೆಗೆ ಸರಿಸಿದವರು ಯಾರು? ನಾವೇ! ಕಪಾಟಿನ ಮೂಲೆ ಎಳೆದ ತಂತಿಯ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ನೋಡುತ್ತ ಕುಳಿತಿದ್ದೆವು. ತಂತಿ ಮತ್ತೆ ಚುಚ್ಚಿದೊಡನೆ ಕ್ಯಾಮೆರಾ ಹೊಸದಾಗಿ ಎದ್ದು ಚಿತ್ರ ಕೊಟ್ಟಿತು.

ವಾಚಕರ ಸೊಸೈಟಿಗಳಲ್ಲಿಯೂ ಇಂಥ ಕ್ಯಾಮೆರಾಗಳಿರುವುದರಿಂದ ನಾಲ್ಕು ಮಾತು. ಚಿತ್ರವಿಲ್ಲ, ವಿದ್ಯುತ್ ಮಾತ್ರ ಹರಿಯುತ್ತಿದೆ ಎಂದರೆ ತಂತಿ ಕಿತ್ತಿಲ್ಲವೆಂದು ತಿಳಿಯಿರಿ. ಒಂದೇ ಪೋರ್ಟಿನಲ್ಲಿ ಎರಡೂ ನಿಂತರೆ ತಂತಿ ಕಳಚಿರಬೇಕು, ತುಂಡಾಗಿರಬೇಕು, ಅಥವಾ ಉಪಕರಣವೇ ಸತ್ತಿರಬೇಕು. ಎದ್ದು ಹೋಗಿ ನೋಡದೆ ಇದು ಇತ್ಯರ್ಥವಾಗದು. ಎಲ್ಲ ಪೋರ್ಟುಗಳೂ ಒಮ್ಮೆಗೇ ಮೌನವಾದರೆ ಸ್ವಿಚ್ಚಿಗೇ ವಿದ್ಯುತ್ ಹೋಗಿದೆಯೇ ಎಂದು ಮೊದಲು ನೋಡತಕ್ಕದ್ದು. ಇನ್ನು, ತೀರ ಕಡಿಮೆ ವಿದ್ಯುತ್ ಎಳೆಯುವ ಪುಟ್ಟ ಉಪಕರಣವನ್ನು ಸ್ವಿಚ್ಚು ಇಲ್ಲವೆಂದೇ ಬಗೆದು ಕೈಬಿಡುವುದೂ ಉಂಟು.

ಸ್ವಿಚ್ಚಿನ ಗಡಿಯಾರ ಸರಿಯಾಗಿರಲಿ. ತಪ್ಪು ಗಡಿಯಾರದ ಸಾಕ್ಷ್ಯ ಸುಳ್ಳು ಸಾಕ್ಷ್ಯದಷ್ಟೇ ಕೆಟ್ಟದ್ದು. ಕೆಲವು ಸ್ವಿಚ್ಚುಗಳ ದಿನಚರಿ ಆರಿಸಿ ಹೊತ್ತಿಸಿದರೆ ಅಳಿಸಿಹೋಗುತ್ತದೆ. ಅದರ ನಕಲು ಬೇರೆ ಕಂಪ್ಯೂಟರಿಗೆ ಹೋಗುವಂತೆ ಮಾಡಿಡಿ. ಕ್ಯಾಮೆರಾ ನಿಂತೊಡನೆ ಫೋನಿಗೆ ಸುದ್ದಿ ಬರುವಂತೆಯೂ ಮಾಡಬಹುದು. ನಮ್ಮಲ್ಲಿ ಅದಿದ್ದಿದ್ದರೆ ಭಾನುವಾರ ರಾತ್ರಿಯೇ ತಿಳಿಯುತ್ತಿತ್ತು.

ದಿನಚರಿ ಹೇಳುವುದು ಯಾವಾಗ ಎಂಬುದನ್ನು ಮಾತ್ರ, ಯಾರು ಎಂಬುದನ್ನಲ್ಲ. ದೀಪ ಹೋದ ದಾರಿ ಇಂದಿಗೂ ತಿಳಿದಿಲ್ಲ. ಆದರೆ ಕಿತ್ತ ತಂತಿಯೊಂದರ ಮೇಲೆ ನಿಂತಿದ್ದ ಆರೋಪ ಬಿದ್ದುಹೋಯಿತು. ಅಂದು ರಾತ್ರಿ 8ಕ್ಕೆ ಕಾವಲುಗಾರರು ಬಂದಾಗ ನಾವೇ ಗೇಟಿಗೆ ಹೋಗಿ, ನಡೆದುದನ್ನೆಲ್ಲ ಹೇಳಿ, ತಪ್ಪು ನಮ್ಮದೆಂದೆವು. ಅವರು ಏನೂ ಅನ್ನಲಿಲ್ಲ. ಎಂದಿನಂತೆ ಕೈಚೀಲ ಗೂಟಕ್ಕೆ ಹಾಕಿ ಕುರ್ಚಿಯಲ್ಲಿ ಕುಳಿತರು. ಮುಂದಿನ ಸಮಾರಂಭಕ್ಕೆ ಹೊಸ ದೀಪ ಕೊಳ್ಳುವುದೆಂದು ಸಮಿತಿ ಗೊತ್ತುಮಾಡಿದೆ. ಮೊದಲ ಬತ್ತಿಯನ್ನು ಅವರ ಕೈಯಿಂದಲೇ ಹೊತ್ತಿಸಬೇಕೆಂಬುದು ನಮ್ಮ ಸೂಚನೆ. ಸದಸ್ಯರು ಅನುಮೋದಿಸುವರೆಂದು ನಂಬಿದ್ದೇವೆ.