ವಿಮಾನವೂ ಸೋರುವುದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತನಿಗೆ ಮಳೆ ಬಾರದೆಂಬ ಚಿಂತೆ. ಮೋಡ ಬಿತ್ತಿ ಮಳೆ ತರಿಸಲೆಂದು 2017ರಲ್ಲಿ ನಮ್ಮ ರಾಜ್ಯ ಸರಕಾರವು ‘ವರ್ಷಧಾರಿ’ ಯೋಜನೆಯಡಿ ವಿಮಾನವನ್ನೇ ಹಾರಿಸಿತು. ಆದರೆ ಸ್ವಂತ ವಿಮಾನವುಳ್ಳ ಸಿರಿವಂತನ ಚಿಂತೆಯೇ ಬೇರೆ: ಮಳೆ ಒಳಗೆ ಬಂದೀತಲ್ಲ!

ನಗಬೇಡಿರಿ, ಶರಣಬಂಧುಗಳೆ. ಬಯಲಲ್ಲಿ ನಿಂತ ಚಿಕ್ಕ ವಿಮಾನದ ಬಾಗಿಲಂಚಿನ ರಬ್ಬರು ಸವೆದರೆ, ನಮ್ಮ ಮಣ್ಣಿನ ಮಾಳಿಗೆಯಂತೆ ಅದೂ ಸೋರುತ್ತದೆ. ನಾವು ಸೋರುವಲ್ಲಿ ಬೋಗುಣಿ ಇಟ್ಟು ಮಲಗುತ್ತೇವೆ. ಪಾಪ, ಆತ ಬೆಲೆಬಾಳುವ ಆಸನಕ್ಕೆ ತಾಡಪತ್ರಿ ಹೊದಿಸಬೇಕು!

ಆಸನ ತೊಯ್ದರೆ ಒಣಗೀತು. ರೆಕ್ಕೆಯೊಳಗಿನ ಇಂಧನದ ತೊಟ್ಟಿಗೆ ಮುಚ್ಚಳದ ಸಂದಿನಿಂದ ನೀರು ಇಳಿದರೆ ಮಾತ್ರ ಪ್ರಾಣಕ್ಕೇ ಸಂಚಕಾರ. ನೀರು ಪೆಟ್ರೋಲಿಗಿಂತ ಭಾರ. ತಳದಲ್ಲಿ ಅಡಗಿದ್ದು ಆಗಸದಲ್ಲಿ ಯಂತ್ರವನ್ನೇ ನಿಲ್ಲಿಸಬಲ್ಲುದು. ಅದಕ್ಕೆಂದೇ ಚಾಲಕನು ಹಾರುವ ಮುನ್ನ ತಳದಿಂದ ತುಸು ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಇಳಿಸಿ, ನೀರಿದೆಯೇ ಎಂದು ಪರೀಕ್ಷಿಸುತ್ತಾನೆ.

ಮೇಲಿಂದ ಸೋರಿದ್ದು ಎಲ್ಲರಿಗೂ ಕಾಣುತ್ತದೆ. ತಳ ಸೇರಿದ್ದು ಹುಡುಕಿದವನಿಗಷ್ಟೇ ಕಾಣುತ್ತದೆ. ಮಾಳಿಗೆಗೆ ಮಳೆಗಾಲದ ಮೊದಲೇ ಮಣ್ಣು ಹಾಕುವ ನಾವು, ಮನದ ತಳವನ್ನೂ ಆಗಾಗ ಬಟ್ಟಲಿಗಿಳಿಸಿ ನೋಡಿಕೊಳ್ಳುವುದು ಲೇಸು.