ಇಲ್ಲದ ಜನರ ಬಾಯಿಗೆ ಎಂಥ ಭಾಷೆ?

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳನ್ನು ಅಗೆದಾಗ ಸಿಕ್ಕ ಪಪೈರಸ್‌ಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಕ್ರಿಸ್ತಶಕ ಎರಡನೇ ಶತಮಾನದ ಆ ಬರಹವನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದರು. ಅದರ ಕಥೆಯಲ್ಲಿ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲ ದಂಡೆಯ ದೇವಾಲಯವೊಂದರಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಸೋದರ ತನ್ನವರೊಂದಿಗೆ ಹಡಗಿನಲ್ಲಿ ಬರುತ್ತಾನೆ. ಅಲ್ಲಿನ ರಾಜನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿದ ರಾಜನನ್ನು ಕಟ್ಟಿಹಾಕಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಗ್ರೀಕರ ಮಾತು ಗ್ರೀಕಿನಲ್ಲಿದೆ. ಭಾರತೀಯರ ಮಾತು ಮಾತ್ರ ಬಹುಪಾಲು ಬೇರೇನೋ ಆಗಿದೆ.

ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲೇ ಹೇಳಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಪರವಾಗಿ ನಿಂತರು. ಕಥೆ ನಡೆದ ಜಾಗ ಉಡುಪಿ ಹತ್ತಿರದ ಮಲ್ಪೆ ಎಂಬ ಊಹೆಯೂ ಹುಟ್ಟಿತು. 1926ರಲ್ಲಿ ವಿದ್ವಾಂಸ ಬಾರ್ನೆಟ್ ಇದನ್ನೆಲ್ಲ ಒಪ್ಪದೆ ಬರೆದರು. ಆಮೇಲೆ ಅದು ತುಳು ಎಂದವರೂ ಬಂದರು. ಯಾವ ಭಾಷೆಯೂ ಅಲ್ಲ, ನಗಿಸಲಿಕ್ಕೆಂದು ನಾಟಕಕಾರ ಕಟ್ಟಿದ ಬರಿಯ ಸದ್ದು ಎನ್ನುವವರು ಮೊದಲಿನಿಂದಲೂ ಇದ್ದರು.

ನನಗೆ ಈ ಕೊನೆಯ ಮಾತೇ ಹೆಚ್ಚು ಸರಿ ಕಾಣುತ್ತದೆ. ಪಶ್ಚಿಮ ಕರಾವಳಿಗೆ ಬಂದುಹೋದ ನಾವಿಕರ ಬಾಯಿಂದ ನಾಲ್ಕು ನಿಜವಾದ ಪದಗಳು ಅದರೊಳಗೆ ಸೇರಿರಬಹುದು. ಆದರೆ ಇಡೀ ಮಾತನ್ನು ಕನ್ನಡವೆಂದು ಓದುವ ಕ್ರಮದಲ್ಲೇ ಒಂದು ತೊಡಕಿದೆ. ಪಪೈರಸ್ಸಿನಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ, ಪದ ಎಲ್ಲಿ ಮುಗಿಯಿತು ಎಂದು ತೋರಿಸುವ ಗುರುತಿಲ್ಲ. ಪದಗಳನ್ನು ಎಲ್ಲಿ ಬಿಡಿಸಬೇಕೆಂದು ತೀರ್ಮಾನಿಸುವವನು ಓದುಗನೇ. ಕನ್ನಡಿಗ ಬಿಡಿಸಿದರೆ ಕನ್ನಡ, ತುಳುವ ಬಿಡಿಸಿದರೆ ತುಳು. ಒಂದೇ ಸಾಲು ಇಬ್ಬರಿಗೂ ಹೀಗೆ ಒಲಿಯುವುದಾದರೆ ಅದು ಇಬ್ಬರ ಪಾಲಿಗೂ ಸಾಕ್ಷಿಯಾಗುವುದಿಲ್ಲ.

ಹಾಗಿದ್ದೂ ಆ ಹಿರಿಯರ ಹಂಬಲವನ್ನು ನಾನು ಹಗುರವಾಗಿ ಕಾಣಲಾರೆ. ಬನವಾಸಿಗೆ ಹೋದವರು ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲ್ಪವನ್ನು ನೋಡಿರುತ್ತಾರೆ. ಚುಟು ವಂಶದ ರಾಜಕುಮಾರಿ ನಾಗಶ್ರೀ ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ದಾನ ಕೊಟ್ಟಳೆಂದು ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದೆ. ಕಡೆದ ಶಿಲ್ಪಿ ನಟಕನ ಹೆಸರೂ ಇದೆ. ಭಾಷೆ ಪ್ರಾಕೃತ. ಈ ಕಲ್ಲು ಹೆಚ್ಚುಕಡಿಮೆ ಆ ಪಪೈರಸ್ಸಿನ ಕಾಲದ್ದೇ. ಕಲ್ಲನ್ನು ಹೊತ್ತು ತಂದವರು, ಕೆರೆ ತೋಡಿದವರು ಮನೆಯಲ್ಲಿ ಪ್ರಾಕೃತ ಆಡುತ್ತಿದ್ದರೆಂದು ನಂಬುವುದು ಕಷ್ಟ. ಅವರ ನುಡಿ ಕಲ್ಲಿಗೆ ಏರಲು ಕದಂಬರ ಕಾಲದವರೆಗೆ ಕಾಯಬೇಕಾಯಿತು. ತಮ್ಮ ನೆಲದ ಕಲ್ಲೇ ತಮ್ಮ ಮಾತನ್ನು ಬರೆದಿಟ್ಟುಕೊಳ್ಳದ ಕಾಲದಲ್ಲಿ, ದೂರದ ಪರದೇಶಿಯೊಬ್ಬ ಅದನ್ನು ಕೇಳಿ ಬರೆದುಕೊಂಡಿದ್ದನೆಂದರೆ ಯಾರ ಎದೆ ಅರಳುವುದಿಲ್ಲ?

ಆದರೆ ಆ ಪರದೇಶಿ ಕೇಳಿಸಿಕೊಂಡಿದ್ದನೇ? ನನ್ನ ಪ್ರಶ್ನೆ ಇದು. ಪ್ರಹಸನದಲ್ಲಿ ಭಾರತೀಯರು ಏನು ಹೇಳುತ್ತಾರೆಂಬುದು ಕಥೆಗೆ ಬೇಕಾಗಿಲ್ಲ. ಅವರು ಕುಡಿಯಬೇಕು, ಕುಣಿಯಬೇಕು, ಮೋಸ ಹೋಗಬೇಕು. ಅಷ್ಟಕ್ಕೆ ಸದ್ದು ಸಾಕು. ಆ ಸಾಲುಗಳು ನಾಳೆ ಅಚ್ಚಗನ್ನಡವೆಂದೇ ಸಿದ್ಧವಾದರೂ ನಾಟಕದೊಳಗೆ ಅವು ಸದ್ದಾಗಿಯೇ ಉಳಿಯುತ್ತವೆ. ಭಾಷೆ ನಿಜವೋ ಕಲ್ಪಿತವೋ ಎಂಬುದಕ್ಕಿಂತ, ಅದನ್ನಾಡುವವರಿಗೆ ಹೇಳಲು ಏನನ್ನಾದರೂ ಕೊಟ್ಟಿದ್ದಾರೆಯೇ ಎಂಬುದು ದೊಡ್ಡ ಮಾತು.

ಈ ಅಳತೆಯನ್ನು ನಮ್ಮ ಕಾಲಕ್ಕೂ ಹಿಡಿದು ನೋಡಬೇಕು. 2015ರಲ್ಲಿ ಬಂದ ‘ಬಾಹುಬಲಿ’ ಚಿತ್ರಕ್ಕಾಗಿ ತಮಿಳಿನ ಮದನ್ ಕಾರ್ಕಿ ‘ಕಿಲಿಕಿ’ ಎಂಬ ಭಾಷೆಯನ್ನೇ ಕಟ್ಟಿದರು. ಸುಮಾರು 750 ಪದ, 40 ವ್ಯಾಕರಣ ನಿಯಮ. 2020ರ ಫೆಬ್ರುವರಿ 21ರಂದು, ವಿಶ್ವ ತಾಯ್ನುಡಿ ದಿನದಂದೇ, ಅದನ್ನು ಕಲಿಯಬಯಸುವವರಿಗೆ ತೆರೆದಿಟ್ಟರು. ಇದು ಹಗುರವಾದ ಕೆಲಸವಲ್ಲ. ಕಿಲಿಕಿಗೆ ಆ ಗ್ರೀಕ್ ಪ್ರಹಸನದ ಸದ್ದಿಗಿಲ್ಲದ ನಿಯಮವಿದೆ, ಶಿಸ್ತಿದೆ. ಆದರೆ ಅದನ್ನಾಡುವ ಕಾಲಕೇಯರು ಯಾರು? ಮೈಗೆಲ್ಲ ಕಪ್ಪು ಬಳಿದುಕೊಂಡು, ಹಲ್ಲು ಕಿರಿದು, ಗುಂಪಾಗಿ ಬಂದು ಗುಂಪಾಗಿ ಸಾಯುವವರು. ಅವರಿಗೊಂದು ಊರಿಲ್ಲ, ಮನೆಯಲ್ಲಿ ಕಾಯುವ ತಾಯಿಯಿಲ್ಲ, ಯುದ್ಧಕ್ಕೆ ಬಂದದ್ದಕ್ಕೆ ಹೇಳಿಕೊಳ್ಳುವ ನ್ಯಾಯವಿಲ್ಲ. 40 ನಿಯಮಗಳಿರುವ ಭಾಷೆಯಲ್ಲಿ ಅವರು ಗದರುವುದಷ್ಟೇ ನಮಗೆ ಕೇಳಿಸುತ್ತದೆ. ವ್ಯಾಕರಣ ಕೊಟ್ಟವರು ವಾದವನ್ನು ಕೊಡಲಿಲ್ಲ. ಇದನ್ನು ನಾನು ದೊಡ್ಡ ಕೊರತೆ ಎನ್ನುತ್ತೇನೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಎದುರಾದ ಒಂದು ಕಥೆಯಿದೆ. ಸಾತವಾಹನ ರಾಜನಿಗೆ ಸಂಸ್ಕೃತ ಕಲಿಸುವ ಪಂದ್ಯದಲ್ಲಿ ಶರ್ವವರ್ಮನಿಗೆ ಸೋತ ಗುಣಾಢ್ಯ, ಮಾತು ಕೊಟ್ಟಂತೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟು ಕಾಡು ಸೇರುತ್ತಾನೆ. ಅಲ್ಲಿ ಪಿಶಾಚಿಗಳ ಭಾಷೆ ಕಲಿತು, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ತನ್ನ ರಕ್ತದಲ್ಲಿ ಬರೆಯುತ್ತಾನೆ. ರಾಜ ತಿರಸ್ಕರಿಸಿದಾಗ ಮೃಗಪಕ್ಷಿಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆಯನ್ನು ಬೆಂಕಿಗೆ ಹಾಕುತ್ತಾನೆ. ಕೊನೆಗೆ ಉಳಿದದ್ದು ಒಂದು ಲಕ್ಷ. ಕಾಶ್ಮೀರದ ಸೋಮದೇವ ಹನ್ನೊಂದನೇ ಶತಮಾನದಲ್ಲಿ ಹೀಗೆ ಹೇಳಿದ. ಪೈಶಾಚಿ ಎಂಬ ಆ ಭಾಷೆಯನ್ನು ನಿಜವಾಗಿ ಯಾರು ಆಡುತ್ತಿದ್ದರೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಮೂಲ ಬೃಹತ್ಕಥೆ ಸಂಪೂರ್ಣ ಕಳೆದುಹೋಗಿದೆ. ಆದರೆ ವರರುಚಿಯಿಂದ ಹೇಮಚಂದ್ರನವರೆಗೆ ವ್ಯಾಕರಣಕಾರರು ಆ ಭಾಷೆಗೆ ಸೂತ್ರ ಬರೆದರು. ಗಂಗರ ದುರ್ವಿನೀತ ಅದೇ ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಪಟ ಹೇಳುತ್ತದೆ. ನಮ್ಮ ದುರ್ಗಸಿಂಹ ಕೂಡ ತನ್ನ ಪಂಚತಂತ್ರದ ಮೂಲವನ್ನು ಗುಣಾಢ್ಯನವರೆಗೆ ಕೊಂಡೊಯ್ಯುತ್ತಾನೆ. ಪಿಶಾಚಿಗಳ ನುಡಿ ಎನಿಸಿಕೊಂಡದ್ದರಲ್ಲಿ ಲೋಕದ ಅತಿ ದೊಡ್ಡ ಕಥೆ ಇತ್ತೆಂದು ನಂಬಿದ ಪರಂಪರೆ ಇದು. ಅಸಹ್ಯವೆನಿಸಿಕೊಂಡ ಬಾಯಿಗೆ ಇದಕ್ಕಿಂತ ಹೆಚ್ಚಿನ ಗೌರವ ಯಾರು ಕೊಟ್ಟಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಕ್ಷಗಾನ ಇನ್ನೊಂದು ದಾರಿ ಹಿಡಿಯಿತು. ಬಣ್ಣದ ವೇಷ ರಂಗಕ್ಕೆ ಬರುವುದನ್ನು ಹತ್ತಿರದಿಂದ ನೋಡಬೇಕು. ಮುಖದ ತುಂಬ ಕೆಂಪು, ಕಪ್ಪು, ಬಿಳಿಯ ರೇಖೆಗಳು. ಚಂಡೆ ಏರುತ್ತಿದ್ದಂತೆ ಆರ್ಭಟ. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತುತ್ತವೆ. ಆ ಆರ್ಭಟಕ್ಕೆ ಯಾವ ಭಾಷೆಯೂ ಇಲ್ಲ. ಆದರೆ ಕುಣಿತ ನಿಂತು ಅರ್ಥ ಶುರುವಾದಾಗ ರಾಕ್ಷಸ ಆಡುವುದು ರಾಮ ಆಡುವ ಅದೇ ಕನ್ನಡ. ಶೂರ್ಪನಖಿ ತನಗಾದ ಅವಮಾನವನ್ನು ಅಣ್ಣನ ಮುಂದೆ ಬಿಡಿಸಿ ಹೇಳುತ್ತಾಳೆ. ಮಳೆಗಾಲದ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ. ಮಾಗಧನೋ ರಾವಣನೋ ಎದುರಾಳಿಯ ಪ್ರತಿ ಮಾತಿಗೂ ಉತ್ತರ ಕಟ್ಟುತ್ತಾನೆ, ಎಷ್ಟೋ ರಾತ್ರಿ ವಾದದಲ್ಲಿ ಅವನೇ ಗೆಲ್ಲುತ್ತಾನೆ. ಸಾಯುವುದು ಪ್ರಸಂಗದ ಪ್ರಕಾರ, ಮಾತಿಲ್ಲದೆ ಅಲ್ಲ. ಯಕ್ಷಗಾನ ಅಸುರರಿಗೆ ಬೇರೆ ಭಾಷೆ ಕಟ್ಟಲಿಲ್ಲ, ತನ್ನದನ್ನೇ ಕೊಟ್ಟಿತು.

ಹಾಗೆಂದು ಕಲ್ಪಿತ ಭಾಷೆಯೇ ಬೇಡ ಎನ್ನಲಾರೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಮೊದಲು ಭಾಷೆ ಕಟ್ಟಿ, ಅದನ್ನಾಡುವ ಜನರಿಗಾಗಿ ಆಮೇಲೆ ಕಥೆ ಹುಡುಕಿದವರು. ಅಲ್ಲಿ ಭಾಷೆ ಜನರ ಹಾಡು, ನೆನಪು, ದುಃಖಗಳನ್ನು ಹೊತ್ತಿದೆ. ಹಾಗೆ ಕಟ್ಟುವವರು ಎಷ್ಟು ಬೇಕಾದರೂ ಕಟ್ಟಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಕಲ್ಪಿತ ಜನರ ಮೇಲೆ ಬಳಿದ ಬಣ್ಣ ನಿಜದ ಜನರಿಗೂ ಅಂಟುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರ ಸಂತತಿ ಅವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಹೊರಗಿನಿಂದ ಬಂದವರು ಅವರ ಮುಖ ನೋಡಿ, ಅವರ ಬಾಯಲ್ಲಿ ಯಾವುದೋ ಅರಿಯದ ಭಾಷೆ ಇರಬೇಕೆಂದುಕೊಳ್ಳುತ್ತಾರೆ. ಅವರು ಮನೆಯಲ್ಲಿ ಆಡುವುದು ಬಹುಮಟ್ಟಿಗೆ ಕೊಂಕಣಿ, ಹೊರಗೆ ಕನ್ನಡ. ಮಂಚಿಕೇರಿಯ ಸಿದ್ದಿಗಳು ಎಂಬತ್ತರ ದಶಕದಲ್ಲಿ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಆಡಿದರು. ಅದು ನೈಜೀರಿಯಾದ ಚಿನುವ ಅಚಿಬೆಯ 1958ರ ಕಾದಂಬರಿಯ ರಂಗರೂಪ. ಅಚಿಬೆ ಕಲ್ಪಿಸಿದ ಉಮುವೊಫಿಯ ಊರಿನ ಜನ ಹೀಗೆ ಯಲ್ಲಾಪುರ ತಾಲ್ಲೂಕಿನಲ್ಲಿ ಕನ್ನಡದಲ್ಲೇ ತಮ್ಮ ದೇವರನ್ನು, ಬೆಳೆಯನ್ನು, ಸೋಲನ್ನು ಹೇಳಿಕೊಂಡರು. ಆ ಮಾತಿಗೆ ವಿಚಿತ್ರ ಸದ್ದಿನ ಅಗತ್ಯ ಬೀಳಲಿಲ್ಲ.

ಕಾಡಿನ ಜನರನ್ನೋ ದೂರದ ದ್ವೀಪದವರನ್ನೋ ತೆರೆಗೆ ತರಹೊರಟ ಕನ್ನಡದ ನಿರ್ದೇಶಕರಲ್ಲಿ, ಸಂಭಾಷಣೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಹೊಸ ಭಾಷೆ ಕಟ್ಟುವುದಾದರೆ ಕಟ್ಟಿ. ಆದರೆ ಅದರ ಮೊದಲ ವಾಕ್ಯವನ್ನು ಕೂಗಾಟಕ್ಕೆ ಬಳಸಬೇಡಿ. ಆ ಜನ ತಮ್ಮ ಪಕ್ಷದ ನ್ಯಾಯವನ್ನು ಪ್ರೇಕ್ಷಕರಿಗೆ ತಿಳಿಯುವಂತೆ ಹೇಳುವ ಒಂದು ದೃಶ್ಯವನ್ನು ಮೊದಲು ಬರೆಯಿರಿ. ಅದು ಬರೆಯಲಾಗದಿದ್ದರೆ ಆ ಜನರನ್ನೂ ಆ ಭಾಷೆಯನ್ನೂ ಚಿತ್ರದಿಂದ ಕೈಬಿಡಿ.