ಸಾಂಕ್ರಾಮಿಕ ಕಾಲದ ಶಾಲೆಗಳು
ಕೊರೋನಾ ಪಿಡುಗಿನಿಂದ ೨೦೨೦ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳನ್ನು ನಮ್ಮ ಸರ್ಕಾರದವರು ಮೇಲಿನ ತರಗತಿಗಳಿಂದ ಮೊದಲ್ಗೊಂಡು ಹಂತಹಂತವಾಗಿ ತೆರೆದರು. ಹತ್ತನೆಯ ತರಗತಿಯವರು ೨೦೨೧ರ ಜನವರಿ ೧ರಂದು ಒಳಹೊಕ್ಕರು. ನಡುವೆ ಎರಡನೆಯ ಅಲೆ ಬಂದು, ಒಂದನೆಯ ತರಗತಿಯ ಮಗುವಿಗೆ ಬಾಗಿಲು ತೆರೆದದ್ದು ಆ ವರ್ಷದ ಅಕ್ಟೋಬರ್ ೨೫ರಂದು. ಅಕ್ಷರವನ್ನೇ ಅರಿಯದ ಕೂಸಿಗೆ ಮೊಬೈಲಿನ ಪಾಠದಿಂದ ಏನಾದೀತು? ಪರೀಕ್ಷೆಯುಳ್ಳವರಿಗೆ ಅಗ್ರಸ್ಥಾನವೆಂಬುದು ಪರೀಕ್ಷಾ ಮಂಡಳಿಯ ನ್ಯಾಯವೇ ಹೊರತು ವಿದ್ಯೆಯದಲ್ಲ.

ಅದಾದರೂ ಸಹ್ಯ. ೨೦೨೨ರ ಜನವರಿಯಲ್ಲಿ ನಡೆದುದನ್ನು ನಾವು ಒಪ್ಪಲಾರೆವು. ಬೆಂಗಳೂರಿನಲ್ಲಿ ಒಂಬತ್ತನೆಯವರೆಗಿನ ತರಗತಿಗಳು ೬ನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ ಮುಚ್ಚಿದ್ದುವು. ಅದೇ ದಿನಗಳಲ್ಲಿ ಪಾನಗೃಹಗಳಿಗೂ ಚಿತ್ರಮಂದಿರಗಳಿಗೂ ಅರ್ಧದಷ್ಟು ಜನರನ್ನು ಸೇರಿಸುವ ಅನುಮತಿಯಿತ್ತು. ಇಂದಿರಾನಗರದ ಪಾನಗೃಹಕ್ಕೆ ಸಲ್ಲುವ ಅರ್ಧದ ಲೆಕ್ಕ ಹಲಸೂರಿನ ಶಾಲೆಗೇಕೆ ಸಲ್ಲದು? ಶಿವಾಜಿನಗರದ ಓಣಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿರುವ ಮಗುವಿಗೆ, ಕಿಟಕಿ ತೆರೆದ ಶಾಲೆಯ ಕೊಠಡಿಯೇ ಹೆಚ್ಚು ಗಾಳಿಯಾಡುವ ಸ್ಥಳ. ೧೮೯೮ರ ಪ್ಲೇಗಿನ ತರುವಾಯ ಇದೇ ದಂಡಿನ ಇಕ್ಕಟ್ಟನ್ನು ಸಡಿಲಿಸಲು ಫ್ರೇಜರ್ ಟೌನನ್ನು ಕಟ್ಟಿಸಿದವರು ಪರಕೀಯರು. ಅವರಿಗೆ ತಿಳಿದಿದ್ದ ಗಾಳಿಯ ಗುಣ ನಮ್ಮವರಿಗೆ ಮರೆತುಹೋಯಿತೆ?

ಮುಂದೆ ಇಂಥ ಪಿಡುಗು ಬಂದರೆ ನಡೆಯಬೇಕಾದ ಕ್ರಮವನ್ನು ಈಗಲೇ ಬರೆದಿಡುವುದು ವಿಹಿತ. ಮೊದಲು ಕಿರಿಯರು, ತರಗತಿಗೆ ಅರ್ಧರ್ಧ ಮಕ್ಕಳ ಪಾಳಿ, ಬಿಸಿಯೂಟ ಯಾರಿಗೂ ತಪ್ಪಕೂಡದು. ಮುಚ್ಚಲೇಬೇಕಾದರೆ ಸೋಂಕು ಕಂಡ ಶಾಲೆಯನ್ನು ಮುಚ್ಚಲಿ. ಕೃಷ್ಣರಾಜಪುರದ ಸೋಂಕಿಗಾಗಿ ದಂಡಿನ ಶಾಲೆಗೆ ಬೀಗವೇಕೆ? ಶಿಕ್ಷಣ ಇಲಾಖೆಯವರೂ ನಗರದ ಆರೋಗ್ಯಾಧಿಕಾರಿಗಳೂ ಒಟ್ಟಿಗೆ ಕುಳಿತು ಈ ಕರಡನ್ನು ಸಿದ್ಧಪಡಿಸಿ, ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಕೈಗೆ ತಲುಪಿಸಲಿ.